ಮಾತಿನ ಮೇಲೆ ಚೆಲ್ಲೋ

ಜನವರಿ 9

ಅಪ್ಪಾ,

ಫೋನ್ ಮಾಡಿದರೆ ನೀನು "ಏನು? ಏನಂದೆ?" ಅನ್ನುತ್ತೀಯ, ನಾನು ಕಿರುಚುತ್ತೇನೆ, ಪಕ್ಕದ ಮನೆಯವರು ಜಗಳ ಅಂದುಕೊಂಡು ಕಿಟಕಿ ತೆರೆಯುತ್ತಾರೆ. ಅದಕ್ಕೇ ಈ ಕಾಗದ. ನಿಧಾನವಾಗಿ ಓದು, ಸಿಟ್ಟು ಬಂದರೆ ಒಂದು ಸುತ್ತು ನಡೆದು ಬಂದು ಮತ್ತೆ ಓದು.

ನಿನ್ನ ಲಾಡ್ಜ್ ಧಾರಾವಾಹಿಗೆ ಮರುಜನ್ಮ ಬಂದಿದೆ. ಇಪ್ಪತ್ತು ವರ್ಷದ ಹಿಂದಿನ ಸರಕನ್ನು ಕಂಪನಿಯವರು ಚಿತ್ರ ತೊಳೆದು, ಧ್ವನಿ ತೊಳೆದು ಮತ್ತೆ ಬಿಡುತ್ತಾರಂತೆ. ಧ್ವನಿ ತೊಳೆಯುವ ಕೆಲಸ ನಮ್ಮ ಸ್ಟುಡಿಯೋಗೆ ಬಂತು, ಅಲ್ಲಿಂದ ನೇರ ನನ್ನ ಮೇಜಿಗೆ ಬಂತು. "ಅಪ್ಪನ ಸಂಗೀತ, ಅಮ್ಮನ ಕಂಠ, ಮಗಳ ಮಿಕ್ಸಿಂಗ್. ಮನೆಮಂದಿಯೆಲ್ಲ ಒಂದೇ ಕಡೆ ಸೇರ್ಕೊಂಡ್ರಲ್ಲಮ್ಮ" ಎಂದು ನಮ್ಮ ಬಾಸ್ ನಕ್ಕರು. ನಮ್ಮ ಮನೆಮಂದಿ ಒಂದೇ ಕಡೆ ಸೇರಿ ಎಷ್ಟು ಕಾಲವಾಯಿತು ಎಂದು ಅವರಿಗೇನು ಗೊತ್ತು.

ಇಂಟರ್ನೆಟ್ಟಿನಲ್ಲಿ ನಿನಗೊಂದು ಅಭಿಮಾನಿ ಬಳಗ ಇದೆ. ನಾನು ಕದ್ದು ಓದುತ್ತಿರುತ್ತೇನೆ. ನೀನು ಹೆಸರೇ ಇಡದ ತುಣುಕುಗಳಿಗೆಲ್ಲ ಅವರೇ ನಾಮಕರಣ ಮಾಡಿದ್ದಾರೆ: ಮೆಟ್ಟಿಲ ಸಂಗೀತ, ಒಗೆದ ಬಟ್ಟೆ ಸಂಗೀತ, ಬಾಡಿಗೆ ಕೇಳುವ ಸಂಗೀತ. 'ತಂತಿವೀರ' ಎಂಬ ಪುಣ್ಯಾತ್ಮ ಮೆಟ್ಟಿಲ ಸಂಗೀತದಲ್ಲಿ ಕ್ಲಾರಿನೆಟ್ಟಿನವನು ಎಲ್ಲಿ ಉಸಿರು ತೆಗೆದುಕೊಂಡ, ಯಾಕೆ ಅಲ್ಲೇ ತೆಗೆದುಕೊಂಡ ಎಂದು ಮಾರುದ್ದ ಬರೆದಿದ್ದಾನೆ. ಲಾಡ್ಜ್ ಒಡತಿಯ ಪಾತ್ರಕ್ಕೆ ಕಂಠ ಕೊಟ್ಟವರು ತೆರೆಯ ಮೇಲಿನ ನಟಿಯಲ್ಲ, ಡಬ್ಬಿಂಗ್ ಕಲಾವಿದೆ ಎಂಬುದನ್ನೂ ಪತ್ತೆ ಹಚ್ಚಿದ್ದಾರೆ. ಆಕೆ ನಿನ್ನ ಹೆಂಡತಿ ಅನ್ನುವುದೊಂದು ಇನ್ನೂ ಗೊತ್ತಾಗಿಲ್ಲ.

ಹದಿನೆಂಟನೇ ಕಂತಿನವರೆಗೆ ನೀನು ಅವರ ಪಾಲಿಗೆ ದೇವರು. ಒಡತಿ ಒಂದು ಮಾತು ಮುಗಿಸಿದಾಗ ಸಂಗೀತ ಒಳಗೆ ಬಂದು, ಮುಂದಿನ ಮಾತಿಗೆ ಬಾಯಿ ತೆರೆಯುವ ಮೊದಲೇ ಹೊರಗೆ ಹೋಗಿರುತ್ತದೆ ಎಂದು ಕೊಂಡಾಡುತ್ತಾರೆ. ಕೊನೆಯ ಆರು ಕಂತಿಗೆ, ಅಂದರೆ ಅವಳು ಲಾಡ್ಜ್ ಮುಚ್ಚುವ ಭಾಗಕ್ಕೆ ಬಂದರೆ ಮಾತ್ರ ಎಲ್ಲರೂ ಕೈ ತೊಳೆದುಕೊಂಡು ನಿನ್ನ ಹಿಂದೆ ಬೀಳುತ್ತಾರೆ. ಅಲ್ಲಿ ಚೆಲ್ಲೋ, ನಿನ್ನ ಆ ದಪ್ಪ ದನಿಯ ದೊಡ್ಡ ಪಿಟೀಲು, ಅವಳ ಮಾತಿನ ತಲೆಯ ಮೇಲೇ ಕೂತಿದೆ. "ಲಾಡ್ಜು ಅವಳನ್ನ ನುಂಗ್ತಾ ಇದೆ, ಅದರ ಸಂಕೇತ" ಎಂದು ಒಬ್ಬ. "ಸಂಕೇತ ಅಂತೆ ಸಂಕೇತ, ಬರೀ ಅಹಂಕಾರ" ಎಂದು ಇನ್ನೊಬ್ಬ. ನಿನಗೆ ಅವರಿಟ್ಟ ಅಡ್ಡಹೆಸರು ಕಿವುಡ ಮಾಸ್ಟರ್. ಬೇಜಾರು ಮಾಡಿಕೊಳ್ಳಬೇಡ.

ಆಗ ಮಾತು, ಸಂಗೀತ ಎಲ್ಲವನ್ನೂ ಒಂದೇ ಧ್ವನಿಪಟ್ಟಿಗೆ ಹಾಕಿಬಿಟ್ಟಿದ್ದರು, ಬೇರೆ ಬೇರೆ ಟೇಪು ಯಾವುದೂ ಉಳಿದಿಲ್ಲ. ಈಗ ಹಾಲು ನೀರು ಬೇರೆ ಮಾಡುವ ಹಾಗೆ ಎರಡನ್ನೂ ಬಿಡಿಸುವ ತಂತ್ರಾಂಶ ಬಂದಿದೆ. ಆ ಆರು ಕಂತಿನಲ್ಲಿ ಚೆಲ್ಲೋ ತಗ್ಗಿಸಿ ಮಾತು ಕೇಳುವ ಹಾಗೆ ಮಾಡಿ ಎಂದು ಕಂಪನಿಯವರ ಆದೇಶ. ಸಂಗೀತ ನಿನ್ನದು, ಅದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ.

ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು

&nbsp;

ಜನವರಿ 17

ಮಗಳೇ,

ಕಾಗದ ತಲುಪಿತು. ಸುತ್ತು ನಡೆಯುವಷ್ಟು ಸಿಟ್ಟು ಬರಲಿಲ್ಲ.

ಅವರು ಕೊಟ್ಟ ಬಿರುದು ಈಗ ನಿಜವಾಗಿದೆ, ಬೇಕಿದ್ದರೆ ತಿಳಿಸಿ ಸಂತೋಷಪಡಿಸು. ಬಲಗಿವಿ ಪೂರ್ತಿ ಅಂಗಡಿ ಮುಚ್ಚಿತು. ಎಡಗಿವಿಯಲ್ಲಿ ಲಾರಿ ಹೋಗುವುದು ಕೇಳುತ್ತದೆ, ಬಾಗಿಲ ಗಂಟೆ ಕೇಳುವುದಿಲ್ಲ. ಪೇಪರಿನವನು ಬಾಗಿಲಲ್ಲಿ ನಿಂತು ನನ್ನನ್ನು ಏನೋ ಬೈಯುತ್ತಾನೆ ಎಂದು ಗುಮಾನಿ, ನಾನು ನಗುತ್ತಾ ತಲೆಯಾಡಿಸುತ್ತೇನೆ.

ಕ್ಲಾರಿನೆಟ್ಟಿನವನಿಗೆ ಆ ದಿನ ಮೂಗು ಕಟ್ಟಿತ್ತು. ಅದಕ್ಕೇ ಅಲ್ಲಿ ಉಸಿರು ತೆಗೆದುಕೊಂಡ. ಮಾರುದ್ದ ಬರೆದವನಿಗೆ ಹೇಳಬೇಡ, ಪಾಪ.

ಹದಿನೆಂಟನೇ ಕಂತಿನವರೆಗೆ ನಿನ್ನ ಇಷ್ಟ ಬಂದ ಹಾಗೆ ಮಾಡು. ಆಮೇಲಿನ ಆರರಲ್ಲಿ ಚೆಲ್ಲೋ ಮುಟ್ಟಬೇಡ. ಇದ್ದ ಹಾಗೇ ಇರಲಿ. ಜನ ಬೈಯುವುದಿದ್ದರೆ ನನ್ನನ್ನು ಬೈಯುತ್ತಾರೆ, ನನಗೆ ಹೇಗೂ ಕೇಳಿಸುವುದಿಲ್ಲ.

ಅಪ್ಪ

&nbsp;

ಜನವರಿ 28

ಅಪ್ಪಾ,

ತಮಾಷೆ ಮಾಡಿ ತಪ್ಪಿಸಿಕೊಳ್ಳುವುದು ನಿನ್ನ ಹಳೇ ಚಾಳಿ. ಕಂಪನಿಯವರಿಗೆ ನಾನು ಏನು ಹೇಳಲಿ? "ನಮ್ಮಪ್ಪ ಬೇಡ ಅಂದ್ರು" ಅಂತಲೇ?

ಅಮ್ಮನಿಗೂ ವಿಷಯ ಹೇಳಿದೆ. ಹೊಸಬರಿಗೆ ಡಬ್ಬಿಂಗ್ ಕಲಿಸುವ ತರಗತಿ ಮುಗಿಸಿ ಆಗ ತಾನೇ ಬಂದಿದ್ದಳು. ಹೆಗಲ ಚೀಲವನ್ನೂ ತೆಗೆಯದೆ ಹಾಗೇ ಕುರ್ಚಿಯಲ್ಲಿ ಕೂತಳು. "ಈಗಲಾದ್ರೂ ನನ್ನ ಮಾತು ಜನಕ್ಕೆ ಕೇಳ್ಲಿ. ನಿಮ್ಮಪ್ಪ ಮುಚ್ಚಿ ಹಾಕಿದ್ದನ್ನ ನೀನಾದ್ರೂ ತೆಗಿ" ಎಂದಳು. ನಿನ್ನ ವಿಷಯ ಅವಳಾಗಿ ಎತ್ತಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ನೀವಿಬ್ಬರೂ ಬೇರೆಯಾದದ್ದು ಈ ಆರು ಕಂತಿನಿಂದ ಎಂದು ನನಗೆ ಗೊತ್ತು. ನಾನು ಚಿಕ್ಕವಳಾಗಿದ್ದರೂ ಕಿವಿ ತೆರೆದೇ ಇತ್ತು. ಕೊನೆಯ ಕಂತು ಟಿವಿಯಲ್ಲಿ ಮುಗಿದಾಗ ಅಮ್ಮ ಕೇಳಿದಳು, "ಯಾಕ್ರೀ ಹೀಗ್ಮಾಡಿದ್ರಿ?" ನೀನು "ಸಂಗೀತಕ್ಕೆ ಅಲ್ಲಿ ಜಾಗ ಬೇಕಿತ್ತು" ಎಂದು ಹೇಳಿ ಸ್ನಾನಕ್ಕೆ ಹೋದೆ. ಮರುದಿನ ನಾವು ದೊಡ್ಡಮ್ಮನ ಮನೆಗೆ ಹೋದೆವು, ವಾಪಸು ಬರಲಿಲ್ಲ. ಅವಳ ಗಂಟಲಿಗೆ ಆಪರೇಷನ್ ಆದದ್ದೂ ಅಲ್ಲಿದ್ದಾಗಲೇ. ಆಮೇಲೆ ದನಿ ದಪ್ಪವಾಯಿತು, ಡಬ್ಬಿಂಗಿಗೆ ಕರೆಯುವವರು ನಿಂತುಹೋದರು. ಹಾಗೆ ನೋಡಿದರೆ ಆ ಆರು ಕಂತೇ ಅವಳ ಕೊನೆಯ ಕೆಲಸ, ಅದೂ ನಿನ್ನ ಚೆಲ್ಲೋ ಕೆಳಗೆ.

ಒಪ್ಪುವಂಥ ಒಂದು ಕಾರಣ ಕೊಡು. ಕೊಡದಿದ್ದರೆ ತಗ್ಗಿಸುತ್ತೇನೆ. ನಾನು ಈ ಮಾತು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಮಗಳು

&nbsp;

ಫೆಬ್ರುವರಿ 6

ಮಗಳೇ,

ಅಡುಗೆಮನೆಯ ನಲ್ಲಿ ಸೋರುತ್ತಿತ್ತಂತೆ. ನನಗೆ ಕೇಳಿಸಲಿಲ್ಲ. ಕೆಳಗಿನ ಮನೆಯ ಗೋಡೆ ನೆನೆದು ಅವರು ಮೇಲೆ ಬಂದು ತೋರಿಸಿದರು. ರಿಪೇರಿಯಾಯಿತು.

ಅವತ್ತು ಹೇಳಿದ ಕಾರಣವನ್ನೇ ಇವತ್ತೂ ಹೇಳುತ್ತೇನೆ. ಹೊಸ ಕಾರಣ ಹುಟ್ಟಿಸುವ ವಯಸ್ಸು ನನ್ನದಲ್ಲ. ತಗ್ಗಿಸಲೇಬೇಕು ಎಂದು ಅವರು ಹಟ ಹಿಡಿದರೆ ಬೇರೆಯವರ ಕೈಲಿ ಮಾಡಿಸು. ನೀನು ಹೆಡ್‌ಫೋನ್ ಹಾಕಿಕೊಂಡು ಕೂರಬೇಡ. ಇದೊಂದನ್ನು ನಡೆಸಿಕೊಡು.

ಅಪ್ಪ

&nbsp;

ಫೆಬ್ರುವರಿ 20

ಅಪ್ಪಾ,

ನಿನ್ನ ಮಾತು ಮೀರಿದೆ. ಕೂರಬೇಡ ಎಂದ ಮೇಲೆ ಕೂರದೆ ಇರುತ್ತೇನೆಯೇ, ನಾನು ನಿನ್ನ ಮಗಳಲ್ಲವೇ?

ಹತ್ತೊಂಬತ್ತನೇ ಕಂತಿನಿಂದ ಶುರು ಮಾಡಿದೆ. ಚೆಲ್ಲೋವನ್ನು ಪೂರ್ತಿ ತೆಗೆದು ಅಮ್ಮನ ದನಿಯೊಂದನ್ನೇ ಹಾಕಿಕೊಂಡೆ. ಮೊದಲು ತಂತ್ರಾಂಶವೇ ಏನೋ ಎಡವಟ್ಟು ಮಾಡಿದೆ ಎಂದುಕೊಂಡೆ. ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಹಳೆಯ ಟೇಪಿನ ದೋಷ ಇರಬಹುದು ಎಂದು ಹದಿನೆಂಟನೆಯದನ್ನು ಹಾಕಿ ನೋಡಿದೆ, ಅಲ್ಲಿ ಚೊಕ್ಕವಾಗಿತ್ತು. ಮತ್ತೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಒಂದರಿಂದ ಒಂದಕ್ಕೆ ಅವಳ ಗಂಟಲು ಕುಸಿಯುತ್ತಾ ಹೋಗಿದೆ.

ಆಮೇಲೆ ಚೆಲ್ಲೋವನ್ನು ವಾಪಸು ತಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎಲ್ಲೆಲ್ಲಿ ಅವಳ ದನಿ ಒಡೆದಿದೆಯೋ ಅಲ್ಲೆಲ್ಲ ಚೆಲ್ಲೋ ಏರಿದೆ. ದನಿ ನೆಟ್ಟಗಿರುವ ಕಡೆ ತಗ್ಗಿ ಪಕ್ಕಕ್ಕೆ ಸರಿದಿದೆ. ಮಾತಿನ ಸ್ವರದ ಎತ್ತರದಲ್ಲೇ ವಾದ್ಯ ಬರೆಯಬಾರದು, ಒಂದೋ ಮೇಲಿರಬೇಕು ಇಲ್ಲ ಕೆಳಗಿರಬೇಕು ಎಂದು ನನಗೆ ಕಲಿಸಿದವನು ನೀನು. ಅಂಥವನು ಆರು ಕಂತಿನ ಉದ್ದಕ್ಕೂ ಚೆಲ್ಲೋವನ್ನು ಸರಿಯಾಗಿ ಅವಳ ಗಂಟಲಿನ ಎತ್ತರದಲ್ಲೇ ಬರೆದಿದ್ದೀಯ. ಅಹಂಕಾರಕ್ಕೆ ಯಾರೂ ಇಷ್ಟು ನಾಜೂಕಾಗಿ ಕೆಲಸ ಮಾಡುವುದಿಲ್ಲ ಅಪ್ಪಾ. ನೀನು ಅವಳನ್ನು ಮುಚ್ಚುತ್ತಿರಲಿಲ್ಲ, ಕಾಯುತ್ತಿದ್ದೆ.

ಹೆಡ್‌ಫೋನ್ ತೆಗೆದಿಟ್ಟು ಚೆನ್ನಾಗಿ ಅತ್ತೆ. ಬಾಸ್ ಬಂದು ಇಣುಕಿ ನೋಡಿ ಸದ್ದಿಲ್ಲದೆ ಬಾಗಿಲು ಹಾಕಿಕೊಂಡು ಹೋದರು. ಇಷ್ಟು ವರ್ಷ ನಿನ್ನ ಮೇಲೆ ಇಟ್ಟುಕೊಂಡ ಸಿಟ್ಟನ್ನು ಈಗ ನಾನು ಎಲ್ಲಿ ಇಡಲಿ?

ಇನ್ನೊಂದು ಫಜೀತಿ. ಬಿಡಿಸಿ ತೆಗೆದ ತನ್ನ ದನಿಯನ್ನು ಕೇಳಿಸಿಕೊಳ್ಳಲು ಅಮ್ಮ ಮುಂದಿನ ವಾರ ಸ್ಟುಡಿಯೋಗೆ ಬರುತ್ತಾಳೆ. ಹೊಸ ಸೀರೆ ಬೇರೆ ತೆಗೆದಿಟ್ಟಿದ್ದಾಳೆ. ಅವಳಿಗೆ ಏನು ಹೇಳಲಿ?

ನಿನ್ನ ಮಗಳು

&nbsp;

ಫೆಬ್ರುವರಿ 26

ಮಗಳೇ,

ಗೊತ್ತಾದ ಮೇಲೆ ಮುಚ್ಚಿಡುವುದು ಏನಿದೆ. ನಡೆದದ್ದು ಇಷ್ಟು.

ಅವಳು ಮನೆಯಲ್ಲಿ ನೆಗಡಿ ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಹಿಡಿದ ನೆಗಡಿ ಎಲ್ಲಾದರೂ ಉಂಟೇ? ನಾನು ನಂಬಿದ ಹಾಗೆ ಇದ್ದೆ. ಒಂದು ದಿನ ನಿರ್ಮಾಪಕರು ಕಾರಿಡಾರಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು, ಆಗ ಕಿವಿ ಚುರುಕಾಗಿತ್ತು. "ಆಯಮ್ಮನ ಗಂಟಲು ಹೋಗಿದೆಯಂತೆ. ಮಿಕ್ಸಿಂಗ್ ಆಗ್ಲಿ, ಒಂದ್ಸಲ ಕೇಳ್ತೀನಿ. ಸರಿ ಇಲ್ದಿದ್ರೆ ಬೇರೆ ಹುಡುಗೀನ ಕರೆಸಿ ಪೂರ್ತಿ ಮತ್ತೆ ಡಬ್ ಮಾಡ್ಸೋಣ." ಹುಡುಗಿ ಯಾರೆಂದೂ ಗೊತ್ತು ಮಾಡಿ ಇಟ್ಟಿದ್ದರು. ನಿನ್ನ ಅಮ್ಮನನ್ನು ತೆಗೆದರು ಎಂಬ ಸುದ್ದಿ ಒಮ್ಮೆ ಹೊರಗೆ ಬಿದ್ದರೆ ಆಮೇಲೆ ಯಾರು ಕರೆಯುತ್ತಾರೆ?

ನಿರ್ದೇಶಕರು ಅಷ್ಟರಲ್ಲಿ ಮುಂದಿನ ಚಿತ್ರೀಕರಣಕ್ಕೆ ಹೋಗಿಬಿಟ್ಟಿದ್ದರು. ನಾನು ಚೆಲ್ಲೋದವರನ್ನು ಮತ್ತೆ ಕರೆಸಿದೆ. ಮೊದಲು ಬರೆದದ್ದನ್ನು ಹರಿದು, ಅವಳ ದನಿ ಎಲ್ಲಿ ಕೈಕೊಡುತ್ತದೆಂದು ಕೇಳಿ ಕೇಳಿ ಹೊಸದಾಗಿ ಬರೆದೆ. ನಿರ್ಮಾಪಕರು ಕೇಳಿದರು. "ಮ್ಯೂಸಿಕ್ ಸ್ವಲ್ಪ ಜೋರಾಯ್ತು ಮಾಸ್ಟ್ರೇ, ಇರ್ಲಿ ಬಿಡಿ" ಎಂದರು. ಅವಳ ಹೆಸರು ಕೊನೆಯ ಕಂತಿನವರೆಗೂ ತೆರೆಯ ಮೇಲೆ ಬಂತು.

ಯಾಕೆ ಹೀಗೆ ಮಾಡಿದೆ ಎಂದು ಅವಳು ಕೇಳಿದಾಗ ನಿಜ ಹೇಳಬೇಕಾದರೆ, ನಿನ್ನ ಗಂಟಲು ಹೋಗಿತ್ತು ಎಂದೇ ಹೇಳಬೇಕಿತ್ತು. ಕಂಠವನ್ನೇ ನಂಬಿ ಬದುಕಿದವಳಿಗೆ ಆ ಮಾತು ಹೇಗೆ ಹೇಳುವುದು? ನನ್ನನ್ನು ಸೊಕ್ಕಿನವನು ಎಂದುಕೊಳ್ಳುವುದು ಅದಕ್ಕಿಂತ ವಾಸಿ ಎನಿಸಿತು. ಅವಳು ಮನೆ ಬಿಟ್ಟು ಹೋಗುವಷ್ಟು ದೂರ ಅದು ಬೆಳೆಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬೆಳೆದ ಮೇಲೆ ನನಗೆ ಬಾಯಿ ಬರಲಿಲ್ಲ.

ಮೆಷಿನ್ ಕೈಕೊಟ್ಟಿತು ಎಂದು ಹೇಳು. ಅವಳಿಗೆ ಕೇಳಿಸಬೇಡ.

ಅಪ್ಪ

&nbsp;

ಮಾರ್ಚ್ 5

ರೀ,

ಕಾಗದ ಬರೆಯುವ ಅಭ್ಯಾಸ ತಪ್ಪಿದೆ, ನಿಮಗೆ ಬರೆಯುವ ಅಭ್ಯಾಸವಂತೂ ಪೂರ್ತಿ ತಪ್ಪಿದೆ. ಅಡ್ಡಾದಿಡ್ಡಿಯಾಗಿ ಬಂದರೆ ಸಹಿಸಿಕೊಳ್ಳಿ.

ಸುಳ್ಳು ಹೇಳುವುದರಲ್ಲಿ ಮಗಳು ಥೇಟ್ ನಿಮ್ಮ ಹಾಗೆ. ಒಂದೇ ವಾಕ್ಯ ಹೇಳಿ ಗೋಡೆ ನೋಡುತ್ತಾಳೆ. "ಮೆಷಿನ್ ಕೈಕೊಡ್ತಮ್ಮಾ" ಎಂದಳು. ಅದೇ ಮೆಷಿನ್ನು ನನ್ನ ಕಣ್ಣೆದುರಿಗೇ ಹದಿನೆಂಟನೇ ಕಂತನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿತ್ತು. "ಹಾಕ್ತೀಯೋ, ಇಲ್ಲ ನಾನೇ ಗುಂಡಿ ಒತ್ಕೊಳ್ಲೋ?" ಎಂದೆ. ಹಾಕಿದಳು. ಕೇಳಿದೆ. ಆಮೇಲೆ ಬಾಯಿ ಬಿಡಿಸಿದೆ, ನಿಮ್ಮ ಕಾಗದವನ್ನೂ ಓದಿಸಿದಳು. ಅವಳನ್ನು ಬೈಯಬೇಡಿ.

ಈಗ ನನ್ನ ಮಾತು ಕೇಳಿ. ನನ್ನ ಗಂಟಲು ಹೋಗಿದ್ದು ನನಗೆ ಗೊತ್ತಿತ್ತು. ಗಂಟಲು ನನ್ನದಲ್ಲವೇ, ನಿಮಗಿಂತ ಮೊದಲೇ ಗೊತ್ತಿತ್ತು. ಡಾಕ್ಟರು ಮಾತು ನಿಲ್ಲಿಸಿ ಎಂದಿದ್ದರು. ನಿಮಗೆ ಹೇಳಿದರೆ ಅವತ್ತೇ ಸ್ಟುಡಿಯೋಗೆ ಫೋನ್ ಮಾಡಿ ನನ್ನ ಕೆಲಸ ನಿಲ್ಲಿಸುತ್ತಿದ್ದಿರಿ, ಅದಕ್ಕೇ ನೆಗಡಿ ಎಂದೆ. ಆದರೆ ನಿರ್ದೇಶಕರಿಗೆ ಹೇಳಿದ್ದೆ. "ಸಾರ್, ಈ ಹೆಂಗಸು ಜೀವಮಾನ ಪೂರ್ತಿ ಕೂಗಾಡ್ಕೊಂಡು ಲಾಡ್ಜ್ ನಡೆಸಿದೋಳು. ಮುಚ್ಚೋ ಹೊತ್ತಿಗೆ ಅವಳಿಗೆ ಗಂಟಲೇ ಉಳಿದಿರಬಾರ್ದು. ನನ್ನ ಗಂಟಲು ಈಗ ಹಾಗೇ ಇದೆ, ಬಳಸ್ಕೊಳ್ಲಾ?" ಎಂದೆ. ಅವರು "ಬಳಸ್ಕೊಳಿ" ಎಂದರು.

ಬಳಸಿಕೊಂಡೆ. ಯಾವ ಮಾತು ಎಲ್ಲಿ ಒಡೆಯಬೇಕು ಎಂದು ಮನೆಯಲ್ಲೇ ಗೊತ್ತು ಮಾಡಿಕೊಂಡು ಹೋಗುತ್ತಿದ್ದೆ. ಕೆಲವು ಸಲ ಹೇಳಿದ ಕಡೆ ಒಡೆಯುತ್ತಿರಲಿಲ್ಲ, ಮತ್ತೆ ಮಾಡುತ್ತಿದ್ದೆ. ಕೊನೆಯ ಬಾಡಿಗೆದಾರನಿಗೆ "ದೀಪ ಆರಿಸಿ ಹೋಗಿ" ಅನ್ನುತ್ತಾಳಲ್ಲ, ಆ 'ಹೋಗಿ' ಅನ್ನುವಲ್ಲಿ ದನಿಯೇ ಇಲ್ಲ, ಬರೀ ಗಾಳಿ. ಅದಕ್ಕಾಗಿ ಒಂದು ಮಧ್ಯಾಹ್ನ ಪೂರ್ತಿ ಮೈಕಿನ ಮುಂದೆ ನಿಂತಿದ್ದೆ. ನಾನು ಮಾಡಿದ ಕೆಲಸದಲ್ಲೆಲ್ಲ ಅದೇ ಒಳ್ಳೆಯದು. ಅದರ ಮೇಲೆ ನೀವು ಚೆಲ್ಲೋ ಕೂರಿಸಿದಿರಿ.

ಸೊಕ್ಕಿನಿಂದ ಮಾಡಿದಿರಿ ಎಂದು ಇಷ್ಟು ದಿನ ಸಿಟ್ಟಿತ್ತು. ನನ್ನ ಒಳ್ಳೆಯದಕ್ಕೆ ಮಾಡಿದಿರಿ ಎಂದು ತಿಳಿದ ಮೇಲೆ ಇಳಿಯಬೇಕಿತ್ತು. ಇಳಿದಿಲ್ಲ, ಅದರ ಜೊತೆಗೆ ಅಳುವೂ ಸೇರಿಕೊಂಡಿದೆ. ನೀವು ಮುಚ್ಚಿದ್ದು ನನ್ನ ಕಾಯಿಲೆಯನ್ನಲ್ಲ, ನನ್ನ ಕೆಲಸವನ್ನು.

ಚೆಲ್ಲೋ ಪೂರ್ತಿ ತೆಗಿ ಎಂದು ಮಗಳಿಗೆ ಹೇಳಿದ್ದೇನೆ. ಅಪ್ಪ ಒಪ್ಪಬೇಕು ಎಂದು ಕೂತಿದ್ದಾಳೆ. ಒಪ್ಪಿ.

ಇಂತಿ,
ಮಗಳ ಅಮ್ಮ

&nbsp;

ಮಾರ್ಚ್ 19

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಏನೆಂದು ಕರೆದು ಶುರು ಮಾಡುವುದು ಎಂಬಲ್ಲೇ ಪೆನ್ನು ನಿಂತುಹೋಗುತ್ತಿತ್ತು. ಹಾಗೇ ಶುರು ಮಾಡುತ್ತಿದ್ದೇನೆ.

ಚೆಲ್ಲೋ ಪೂರ್ತಿ ತೆಗೆಯಲು ಮಗಳಿಗೆ ಬರೆದಿದ್ದೇನೆ. ಒಂದು ಸ್ವರವನ್ನೂ ಉಳಿಸಬೇಡ ಎಂದಿದ್ದೇನೆ.

ನಾನು ಮುಚ್ಚದೆ ಇದ್ದಿದ್ದರೆ ಆ ಹುಡುಗಿಯ ಕೈಲಿ ಡಬ್ ಮಾಡಿಸಿರುತ್ತಿದ್ದರು, ಇವತ್ತು ತೆಗೆದು ನೋಡಲು ಅದರ ಕೆಳಗೆ ನಿನ್ನ ದನಿಯೇ ಇರುತ್ತಿರಲಿಲ್ಲ. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಸ್ವಲ್ಪ ಸಮರ್ಥನೆಗಾಗಿಯೇ ಹೇಳುತ್ತಿದ್ದೇನೆ.

ನೀನು ಹೇಳಿದ ಆ ಜಾಗವನ್ನು ಮಗಳು ಕಳಿಸಿದಳು. ದನಿ ಪೂರ್ತಿ ಏರಿಸಿ ಫೋನನ್ನು ಎಡಗಿವಿಗೆ ಒತ್ತಿ ಹಿಡಿದೆ. "ದೀಪ ಆರಿಸಿ" ಎಂಬುದು ಮಸುಕಾಗಿ ಸಿಕ್ಕಿತು. ಆಮೇಲಿನ ಗಾಳಿ ಸಿಗಲಿಲ್ಲ. ಕೇಳುವ ಕಿವಿ ಇದ್ದಾಗ ಅದನ್ನು ಒಡಕು ಎಂದು ತಿಳಿದೆ, ಒಡಕಲ್ಲ ಎಂದು ತಿಳಿದಾಗ ಕಿವಿ ಇಲ್ಲ. ನನಗೆ ತಕ್ಕ ಶಾಸ್ತಿಯಾಯಿತು ಎಂದು ನೀನು ಅಂದರೆ ಅನ್ನು.

ಒಂದು ಸಲ ಬಾ. ಹತ್ತಿರ ಕೂತು ಆ ಮಾತನ್ನು ಹೇಳು. ನನಗೆ ಕೇಳಬೇಕು ಎಂದು ಬಹಳ ಆಸೆಯಾಗಿದೆ.

ಇವನು

&nbsp;

ಜೂನ್ 11

ಅಪ್ಪಾ,

ಧಾರಾವಾಹಿ ಬಿಡುಗಡೆಯಾಗಿ ವಾರವಾಯಿತು. ಬಳಗದಲ್ಲಿ ರಣರಂಗ.

ಇಷ್ಟು ವರ್ಷ ಚೆಲ್ಲೋ ತೆಗೆಯಿರಿ ಎಂದು ಗಂಟಲು ಹರಿದುಕೊಂಡವರಲ್ಲಿ ಅರ್ಧ ಜನಕ್ಕೆ ಈಗ ಚೆಲ್ಲೋ ವಾಪಸು ಬೇಕಂತೆ. "ನಮ್ಮ ಬಾಲ್ಯಕ್ಕೆ ಕತ್ತರಿ ಹಾಕಿದ್ದಾರೆ" ಎಂದು ಗೋಳು. ಕಿವುಡ ಎಂಬ ಬಿರುದು ನಿನ್ನಿಂದ ನನಗೆ ವರ್ಗಾವಣೆಯಾಗಿದೆ. ಒಬ್ಬ ಮಹಾನುಭಾವ, "ಇದು ಹಳೇ ಕಂಠ ಅಲ್ವೇ ಅಲ್ಲ, ಯಾರೋ ದೊಡ್ಡ ರಂಗನಟಿಯಿಂದ ಹೊಸದಾಗಿ ಮಾತಾಡ್ಸಿದ್ದಾರೆ, ಎಷ್ಟು ಕೊಟ್ಟು ಕರೆಸಿದ್ರೋ" ಎಂದು ಬರೆದ. ಅಮ್ಮ ಅದನ್ನು ಓದಿ ಕೆಂಡವಾಗಿ, ಆಮೇಲೆ ಯೋಚಿಸಿ, ಸಂತೋಷಪಟ್ಟಳು. ಈಗ ಅವಳೂ 'ಒಡತಿ' ಎಂದು ಹೆಸರಿಟ್ಟುಕೊಂಡು ಬಳಗ ಸೇರಿದ್ದಾಳೆ. ಕಾಗುಣಿತ ತಪ್ಪು ಬರೆದವರನ್ನೂ ಬಿಡುತ್ತಿಲ್ಲ.

ತಂತಿವೀರ ಈ ಸಲ ಮಾರುದ್ದ ಬರೆದಿಲ್ಲ. 'ಹೋಗಿ' ಎಂಬ ಮಾತು ಆದ ಮೇಲೆ ಟಿವಿ ನಿಲ್ಲಿಸಿ ಸುಮ್ಮನೆ ಕೂತೆ, ಇಲ್ಲಿ ಸಂಗೀತ ಇಲ್ಲದಿದ್ದದ್ದೇ ಸರಿ ಎಂದು ಬರೆದಿದ್ದಾನೆ. ಅವನ ಮಾತನ್ನು ಅಮ್ಮ ಪ್ರಿಂಟ್ ತೆಗೆದು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿಕೊಂಡಿದ್ದಾಳೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ.

ನೀನು ಅವಳಿಗೆ ಬರೆದದ್ದಕ್ಕೆ ಉತ್ತರ ಬಂತಾ? ಅವಳು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ನಿಮ್ಮಿಬ್ಬರಿಂದ ಕಲಿತದ್ದು.

ಮಗಳು

&nbsp;

ಜೂನ್ 30

ರೀ,

ಉತ್ತರ ತಡವಾದದ್ದು ಸಿಟ್ಟಿನಿಂದಲ್ಲ. ನಾಲ್ಕಾರು ಸಲ ಬರೆದು ಹರಿದೆ. ತರಗತಿಯಲ್ಲಿ ಹುಡುಗರಿಗೆ ಒಂದು ವಾಕ್ಯವನ್ನು ಹೇಗೆ ಹೇಳಬೇಕೆಂದು ಇಡೀ ದಿನ ಹೇಳಿಕೊಡುತ್ತೇನೆ, ನಿಮಗೆ ಒಂದು ವಾಕ್ಯ ಬರೆಯಲು ನನಗೆ ಬರುವುದಿಲ್ಲ.

ಸ್ವಲ್ಪ ಸಮರ್ಥನೆಗಾಗಿ ಎಂದು ಬರೆದಿರಲ್ಲ, ಅದನ್ನು ಒಪ್ಪುತ್ತೇನೆ. ಸ್ವಲ್ಪ ಮಾತ್ರ.

ಹತ್ತಿರ ಕೂತು ಆ ಮಾತು ಹೇಳು ಎಂದಿದ್ದೀರಿ. ಹೇಳುವುದಿಲ್ಲ. ಅದು ಒಡತಿಯ ಮಾತು, ಒಂದು ಸಲ ಚೆನ್ನಾಗಿ ಹೇಳಿ ಆಗಿದೆ. ಈ ಗಂಟಲಲ್ಲಿ ಅದನ್ನು ನಾನೇ ನಕಲು ಮಾಡಲು ಹೋದರೆ ಕೆಡುತ್ತದೆ. ನಿಮಗೆ ಅದು ಸಿಗಲಿಲ್ಲ, ನನಗೂ ಅದರ ಬಗ್ಗೆ ಸಂಕಟವಿದೆ. ಅದಕ್ಕೆ ಏನೂ ಮಾಡುವ ಹಾಗಿಲ್ಲ.

ಆದರೆ ಬರುತ್ತೇನೆ. ಈ ತಂಡದ ತರಗತಿ ಮುಗಿದ ಮೇಲಿನ ಭಾನುವಾರ. ಅಡುಗೆ ಮಾಡಲು ಹೋಗಬೇಡಿ, ನಿಮ್ಮ ಕೈರುಚಿ ನನಗೆ ಗೊತ್ತು, ನಾನೇ ತರುತ್ತೇನೆ. ಟಿವಿ ಹಾಕುವುದು ಬೇಡ. ಕೂಗಿ ಮಾತಾಡಲು ನನಗೆ ಆಗುವುದಿಲ್ಲ, ನಿಧಾನವಾಗಿ ಮಾತಾಡುತ್ತೇನೆ. ಅರ್ಥವಾಗದಿದ್ದರೆ ನಗುತ್ತಾ ತಲೆಯಾಡಿಸಬೇಡಿ, ಇನ್ನೊಂದು ಸಲ ಕೇಳಿ.

ನಾನು ಬಂದು ಕೂತ ಕೂಡಲೇ ಮೊದಲು ನೀವು ಮಾತಾಡಬೇಕು. "ನಿನ್ನ ಗಂಟಲು ಹೇಗಿದೆ?" ಎಂದು ಕೇಳಿ. ಇಷ್ಟು ವರ್ಷದಲ್ಲಿ ಎಲ್ಲರೂ ಕೇಳಿದ್ದಾರೆ, ನೀವೊಬ್ಬರನ್ನು ಬಿಟ್ಟು.

ಇಂತಿ,
ನಾನು